ಕಂಪ್ಯೂಟರ್ ಕೋಣೆಯ ಡುಲ್ಸಿನ್ ಟೀಚರ್

ಎದುರಿಗಿದ್ದವನು ಪದಕ್ಕಾಗಿ ತಡಕಾಡತೊಡಗಿದರೆ ಡುಲ್ಸಿನ್ ಟೀಚರ್ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬೇಸರದಿಂದಲ್ಲ, ತಮ್ಮ ದೃಷ್ಟಿಯ ಭಾರ ಅವನ ಮೇಲೆ ಬೀಳದಿರಲೆಂದು. ಪದವನ್ನು ಬಾಯಿಗಿಟ್ಟು ಉಪಕರಿಸುವ ಸುಲಭದ ಔದಾರ್ಯ ಅವರಲ್ಲಿರಲಿಲ್ಲ. ವಾಕ್ಯ ಮುಗಿಯುವವರೆಗೆ, ಎಷ್ಟು ಹೊತ್ತಾದರೂ, ಕಾಯುತ್ತಿದ್ದರು.

೧೯೮೪ರಲ್ಲಿ ಮಣಿಪಾಲದ ನಮ್ಮ ಕಂಪೆನಿ, ಕಂಪ್ಯೂಟರ್ ವಿಭಾಗದ ನಮ್ಮಂಥ ಆರೇಳು ಮಂದಿಗೆ ಕಚೇರಿಯ ಇಂಗ್ಲಿಷ್ ಕಲಿಸಲೆಂದು, ಹೈಸ್ಕೂಲಿನಿಂದ ನಿವೃತ್ತರಾಗಿದ್ದ ಅವರನ್ನು ನೇಮಿಸಿತು. ವಾರಕ್ಕೆರಡು ದಿನ ಶಂಕರಪುರದಿಂದ ಹೊರಟು, ಉಡುಪಿಯಲ್ಲಿ ಬಸ್ಸು ಬದಲಿಸಿ, ಬಲಗಾಲನ್ನು ತುಸು ಎಳೆಯುತ್ತ ಏರುದಾರಿಯಲ್ಲಿ ಬರುವರು. ಯಂತ್ರಕ್ಕಾಗಿ ತಣ್ಣಗಿರಿಸಿದ ಕೋಣೆಯ ಮೂಲೆಯಲ್ಲೇ ಪಾಠ. ಆದ್ದರಿಂದ ಸೀರೆಯ ಮೇಲೆ, ತೀರಿಹೋದ ಅಣ್ಣ ಜೇಮ್ಸ್‌ನ ಬೂದುಬಣ್ಣದ ಕೋಟು. ಅದರ ತೋಳು ಅವರ ಬೆರಳುಗಳನ್ನೂ ಮುಚ್ಚುತ್ತಿತ್ತು. ಅಣ್ಣನ ನಂತರ ಮನೆಯಲ್ಲಿ ಅವರೊಬ್ಬರೇ. "ಮಾತಿಗೆ ರೇಡಿಯೊ ಉಂಟು. ಆದ್ರೆ ಅದು ನನ್ನತ್ರ ಎಂತದೂ ಕೇಳುವುದಿಲ್ಲ," ಎಂದು ಒಮ್ಮೆ ನಕ್ಕಿದ್ದರು.

ಯಂತ್ರ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಕಾಪುವಿನ ಚೆನ್ನಪ್ಪ. ಫ್ಯಾನಿನ ಸದ್ದು ಕೇಳಿಯೇ ಯಂತ್ರದ ಆರೋಗ್ಯ ಹೇಳಬಲ್ಲವನು. ಇಂಗ್ಲಿಷಿನಲ್ಲಿ ಫೋನು ಬಂದರೆ ಮಾತ್ರ ಬೇರೆಯವರ ಕೈಗೆ ದಾಟಿಸುವನು. ಆ ಮೇ ತಿಂಗಳಲ್ಲಿ ಏಸಿ ಕೆಟ್ಟು ಕೋಣೆ ಕಾದಾಗ, ಯಂತ್ರ ಸುಟ್ಟುಹೋಗದಂತೆ ಅವನೇ ನಿಲ್ಲಿಸಿದ. ವರದಿಯಲ್ಲಿ ಮಾತ್ರ 'ಮೆಷಿನ್ ಸ್ಟಾಪ್ಡ್ ಬಿಕಾಸ್ ಆಫ್ ಮಿ' ಎಂದಷ್ಟೇ ಬರೆದ. ತಾನೇ ನಿಲ್ಲಿಸಿದೆನೆಂಬುದು ಅವನ ಅರ್ಥ. ಅವನ ತಪ್ಪಿನಿಂದ ನಿಂತಿತೆಂದು ಓದಿಕೊಂಡರು ಬೊಂಬಾಯಿಯ ಮುಖ್ಯ ಕಚೇರಿಯವರು. ಗುರುವಾರ ಟ್ರಂಕ್ ಕಾಲ್‌ನಲ್ಲಿ ವಿಚಾರಣೆ, ಸಮಾಧಾನವಾಗದಿದ್ದರೆ ಕೆಲಸವಿಲ್ಲ ಎಂದು ಪತ್ರ ಬಂತು.

"ನೀವೇ ಬರೆದು ಕೊಡಿ ಟೀಚರ್, ನಾನು ಓದ್ತೇನೆ," ಎಂದು ಚೆನ್ನಪ್ಪ ಅಂಗಲಾಚಿದ.

"ಅವರು ನಡುವೆ ಒಂದು ಪ್ರಶ್ನೆ ಕೇಳಿದ್ರೆ ಎಂತ ಓದ್ತೀರಿ? ಮೊದಲು ಏನಾಯ್ತು, ಅದು ಹೇಳಿ."

ಪಾಠದ ದಿನವಲ್ಲದಿದ್ದರೂ ಮೂರು ದಿನ ಬಿಡದೆ ಬಂದರು. ಮೊದಲು ಏನಾಯಿತು, ಆಮೇಲೆ ನೀವೇನು ಮಾಡಿದಿರಿ, ಯಾಕೆ ಮಾಡಿದಿರಿ: ಇಷ್ಟೇ, ಮತ್ತೆ ಮತ್ತೆ. ಗುರುವಾರ ಫೋನಿನ ಪಕ್ಕದಲ್ಲಿ ಅವರೂ ಕುಳಿತರು. ಆಚೆಯವರು ಗದರಿದ ದನಿ ನಮಗೂ ಕೇಳಿಸಿತು. ಚೆನ್ನಪ್ಪನ ಮಾತು ನಿಂತೇಹೋಯಿತು. ನಾವೆಲ್ಲ ಟೀಚರ್ ಮುಖ ನೋಡಿದೆವು. ಅವರ ಕಣ್ಣು ಮುಚ್ಚಿತ್ತು.

"ಏಸಿ ಫೇಲ್ಡ್ ಫಸ್ಟ್, ಸರ್," ಎಂದ ಚೆನ್ನಪ್ಪ, ನಿಧಾನವಾಗಿ. "ದೆನ್ ಐ ಸ್ಟಾಪ್ಡ್ ದ ಮೆಷಿನ್. ಐ ಸೇವ್ಡ್ ಇಟ್."

ರಿಸೀವರ್ ಕೆಳಗಿಟ್ಟಾಗ ಅವನ ಕೆಲಸ ಉಳಿದಿತ್ತು. "ಆಯ್ತಲ್ವಾ," ಎಂದವರೇ ಟೀಚರ್ ಬಸ್ಸಿಗೆ ಹೊರಟರು.

ಆಮೇಲೆ ನಮ್ಮಲ್ಲಿ ಯಾರೂ ಫೋನಿಗೆ ಹೆದರಲಿಲ್ಲ. ವರ್ಷದ ಕೊನೆಗೆ, ಪಾಠ ಇನ್ನು ಬೇಡವೆಂದು ಕಂಪೆನಿ ತೀರ್ಮಾನಿಸಿತು.

ಮರುವರ್ಷ ನಾನು ಶಂಕರಪುರಕ್ಕೆ ಹೋದಾಗ ಅವರು ಒಂದು ಪತ್ರ ತೋರಿಸಿದರು: ಚೆನ್ನಪ್ಪನದು, ಇಂಗ್ಲಿಷಿನಲ್ಲಿ, ತುಂಬು ಎರಡು ಪುಟ. "ಕೆಂಪು ಪೆನ್ಸಿಲ್ ಹಿಡಿದೇ ಕೂತೆ ಮಾರಾಯ್ರೇ. ಒಂದು ತಪ್ಪು ಕೂಡ ಇಲ್ಲ." ಹೆಮ್ಮೆಯಿಂದ ಹೊರಟ ದನಿ ಕೊನೆಗೆ ತಗ್ಗಿತು. ಪಕ್ಕದ ಅಂಗಳದಲ್ಲಿ ಮಲ್ಲಿಗೆ ಕಟ್ಟುವ ಹೆಂಗಸರ ಹರಟೆ ಕೇಳುತ್ತಿತ್ತು. ಟೀಚರ್ ಪತ್ರವನ್ನು ಮಡಚಿ, ಮತ್ತೆ ಬಿಡಿಸಿ, ಮೊದಲಿನಿಂದ ಓದತೊಡಗಿದರು.

ಮಾತು ಕಲಿಸುವವರ ಬದುಕೇ ವಿಚಿತ್ರ. ಶಿಷ್ಯನಿಗೆ ತಾವು ಬೇಡವಾಗುವ ದಿನಕ್ಕಾಗಿ ಅವರು ಮನಸಾರೆ ದುಡಿಯುತ್ತಾರೆ. ಆ ದಿನ ಬಂದೇ ಬರುತ್ತದೆ. ಅದರ ಮರುದಿನವನ್ನು ಕಳೆಯುವುದು ಹೇಗೆಂದು ಅವರಿಗೆ ಕಲಿಸಿಕೊಟ್ಟವರು ಯಾರೂ ಇರುವುದಿಲ್ಲ.