ಪಟೇಲರ ಡಿಸ್ಕ್ರಿಷನ್

ಬಡವನಹಳ್ಳಿ ಕಡೆ ಪ್ಲೇಗು ಬಿದ್ದಿತ್ತು. ಆ ಕಡೆಯಿಂದ ಬಂದವರನ್ನು ಊರೊಳಕ್ಕೆ ಬಿಡಬೇಕೋ ಬೇಡವೋ ಎಂದು ಪಟೇಲ ರೇಣುಕಯ್ಯ ಕೇಳಿದ್ದಕ್ಕೆ ಅಮಲ್ದಾರರು, "ನಿಮ್ಮ ಡಿಸ್ಕ್ರಿಷನ್ ಉಪಯೋಗಿಸಿ, ಪಟೇಲರೇ" ಎಂದವರೇ ಕುದುರೆ ಹತ್ತಿ ಪುರವರದ ದಾರಿ ಹಿಡಿದರು.

ಅರ್ಥ ಕೇಳುವುದಕ್ಕೆ ರೇಣುಕಯ್ಯನಿಗೆ ಮರ್ಯಾದೆ ಅಡ್ಡ ಬಂತು. ಸರ್ಕಾರ ತನಗೇನೋ ಕೊಟ್ಟಿದೆ ಎಂಬುದಂತೂ ಖಾತ್ರಿಯಾಯಿತು. "ಪಟೇಲ್ರಿಗೆ ಡಿಸ್ಕ್ರಿಷನ್ ಕೊಟ್ಟವ್ರಂತೆ ಕಣ್ಲಾ" ಎಂದು ತಳವಾರ ಪಾಲಣ್ಣ ಬೀದಿಬೀದಿ ಹೇಳಿಕೊಂಡು ಬಂದ. ಅದು ಬೆಳ್ಳಿಯದೋ ಹಿತ್ತಾಳೆಯದೋ ಎಂದು ಕೇಳಿದವರೂ ಉಂಟು. ನಗಬೇಡಿ. ಅಧಿಕಾರ ಕೈಗೆ ಬಂದ ಮೇಲೆ ಅದರ ಅರ್ಥ ಹುಡುಕುವವರನ್ನು ನಾನಂತೂ ಹೆಚ್ಚು ಕಂಡಿಲ್ಲ.

ಮಾರನೆಯ ದಿನ ಊರಬಾಗಿಲ ಮುಳ್ಳುಬೇಲಿಯ ಆಚೆ ಅದೇ ಊರಿನ ಕದರಮ್ಮನ ಮಗಳು ಆಂಜಿನಮ್ಮ ಬಂದು ನಿಂತಳು. ಕಂಕುಳಲ್ಲಿ ಎಳೇ ಕೂಸು. ಬಡವನಹಳ್ಳಿಯಲ್ಲಿ ಗಂಡ ಸತ್ತಿದ್ದ.

"ಊರೊಳಕ್ಕೆ ಬ್ಯಾಡ ಬುದ್ಧಿ. ಹೊಲದಾಗೆ ಒಂದು ಗುಡ್ಲು ಹಾಕ್ಕೊಡ್ತೀನಿ, ಅಲ್ಲೇ ಇರ್ಲಿ" ಎಂದು ಕದರಮ್ಮ ಅಂಗಲಾಚಿದಳು.

"ಆಗಲ್ಲ ಅಂದ್ರೆ ಆಗಲ್ಲ. ನಂಗೆ ಡಿಸ್ಕ್ರಿಷನ್ ಐತೆ" ಎಂದ ರೇಣುಕಯ್ಯ. "ಬಂದ ದಾರಿ ಹಿಡಿಯಮ್ಮ."

ಆಂಜಿನಮ್ಮ ಸೆರಗಿನಿಂದ ಕೂಸಿನ ತಲೆ ಮುಚ್ಚಿ ಹಿಂದಿರುಗಿದಳು.

ಆ ಸಂಜೆ ಶಾಲೆಯ ಸಂಜೀವಯ್ಯ ಮೇಷ್ಟ್ರು ಸಿಕ್ಕರು. ರೇಣುಕಯ್ಯ ಸುಮ್ಮನೆ ಮಾತಿಗೆ ಕೇಳಿದಂತೆ ಆ ಪದದ ಅರ್ಥ ಕೇಳಿದ.

"ವಿವೇಚನೆ ಅಂತ ಪಟೇಲ್ರೇ. ಯಾವುದು ಸರಿ, ಯಾವುದು ತಪ್ಪು, ಯಾರಿಗೆ ಏನಾಗುತ್ತೆ, ಎಲ್ಲಾ ತೂಗಿ ನೋಡಿ ತೀರ್ಮಾನ ಮಾಡೋದು."

"ನಮ್ಗೆ ತೋಚ್ದಂಗೆ ಮಾಡೋದು ಅಲ್ವಾ?"

"ಅದಕ್ಕೆ ಇಂಗ್ಲಿಷ್ ಯಾಕೆ ಬೇಕು?" ಎಂದು ಮೇಷ್ಟ್ರು ನಕ್ಕರು.

ರೇಣುಕಯ್ಯನೂ ನಕ್ಕ, ಆದರೆ ಊಟ ರುಚಿಸಲಿಲ್ಲ. ಆಂಜಿನಮ್ಮನನ್ನು ತಡೆದಾಗ ತಾನು ಏನನ್ನೂ ತೂಗಿರಲಿಲ್ಲ. ಬೇಡ ಎನ್ನುವುದು ಸುಲಭವಾಗಿತ್ತು, ಅಂದುಬಿಟ್ಟಿದ್ದ.

ಬೆಳಗ್ಗೆ ಬೇಲಿಯ ಆಚೆ ಕಮಾನುಗಾಡಿಯೊಂದು ಬಂದು ನಿಂತಿತು. ರೇಣುಕಯ್ಯ ಬಡವನಹಳ್ಳಿಗೆ ಕೊಟ್ಟಿದ್ದ ಮಗಳು ಇಂದ್ರಮ್ಮ, ತುಂಬಿದ ಬಸುರಿ, ಇಳಿಯಲಾರದೆ ಇಳಿದಳು. ಹೆಂಡತಿ ದಾಕ್ಷಾಯಣಮ್ಮ ಓಡಿ ಬಂದವಳು ಬೇಲಿಗೆ ಕೈ ಹಾಕಿದಳು.

"ತೆಗೀರಿ ಅಂದ್ರೆ! ಸರ್ಕಾರವೇ ನಿಮ್ಮ ಕೈಗೆ ಕೊಟ್ಟೈತಲ್ಲ, ಈಗ ಉಪಯೋಗ್ಸಿ!"

ರೇಣುಕಯ್ಯನ ಕೈ ಮುಳ್ಳಿನ ಮೇಲಿತ್ತು. ಎಳೆದರೆ ಮಗಳು ಒಳಗೆ. ಅವಳ ಹಿಂದೆಯೇ ರೋಗವೂ ಬಂದರೆ? ಎಳೆಯದಿದ್ದರೆ ಆ ಹೊಟ್ಟೆ ಹೊತ್ತು ಎಲ್ಲಿಗೆ ಹೋದಾಳು? ತೂಗುವುದೆಂದರೆ ಇಷ್ಟು ಭಾರ ಎಂದು ಅವನಿಗೆ ಗೊತ್ತಿರಲಿಲ್ಲ. ಸೇರಿದ್ದ ಜನರ ನಡುವೆ ಕದರಮ್ಮನೂ ನಿಂತಿದ್ದಳು.

"ಅಪ್ಪಯ್ಯ, ನಿಂತ್ಕಳಕ್ಕೆ ಆಗ್ತಿಲ್ಲ" ಎಂದಳು ಇಂದ್ರಮ್ಮ.

"ನಮ್ಮ ಹೊಲದಾಗೆ ಗುಡ್ಲು ಹಾಕಿಸ್ತೀನಿ ಕಣಮ್ಮ. ನಿಮ್ಮವ್ವ ಬಂದು ಜೊತೇಲಿರ್ತಾಳೆ. ಊರೊಳಕ್ಕೆ ಮಾತ್ರ ಬ್ಯಾಡ." ಅವನು ತಳವಾರನ ಕಡೆ ತಿರುಗಿದ. "ಪಾಲಣ್ಣ, ಒಂದಲ್ಲ ಕಣೋ, ಎರಡು ಗುಡ್ಲು ಹಾಕ್ಸು."

ಯಾರೂ ಇನ್ನೊಂದು ಯಾರಿಗೆಂದು ಕೇಳಲಿಲ್ಲ. ದಾಕ್ಷಾಯಣಮ್ಮ ಅಳುತ್ತಲೇ ಬೇಲಿ ದಾಟಿ ಮಗಳನ್ನು ಹಿಡಿದುಕೊಂಡಳು.

ಗುಂಪಿನಲ್ಲಿದ್ದ ಮೇಷ್ಟ್ರು, "ವಿವೇಚನೆ ಅಂದ್ರೆ ಇದೇ ಪಟೇಲ್ರೇ" ಎಂದರು.

"ಸುಮ್ಕಿರಿ ಮೇಷ್ಟ್ರೇ" ಎಂದ ರೇಣುಕಯ್ಯ. "ಇಷ್ಟು ಬುದ್ಧಿ ಬರಾಕೆ ನನ್ ಮಗಳೇ ಬರ್ಬೇಕಾಯ್ತು."

ಆಮೇಲೆ ಗಾಡಿಯವನ ಕಡೆ ತಿರುಗಿ, "ಎತ್ತಿಗೆ ನೀರು ಕುಡಿಸಿ ಬಡವನಹಳ್ಳಿಗೆ ಹೊಡಿ. ಆಂಜಿನಮ್ಮನ್ನ ಕರ್ಕೊಂಡು ಬಾ" ಎಂದ.

ಕದರಮ್ಮ ತಾನೇ ಹೋಗಿ ಗಾಡಿ ಹತ್ತಿದಳು. ಕೈ ಮುಗಿಯಲಿಲ್ಲ, ಶಾಪವನ್ನೂ ಹಾಕಲಿಲ್ಲ. ಗಾಡಿ ಹೊರಡುವಾಗ ರೇಣುಕಯ್ಯನನ್ನು ನೋಡಿ ಹೇಳಿದಳು:

"ಕೂಸು ಉಳ್ಕಂಡಿದ್ರೆ ಕರ್ಕಂಬತ್ತೀನಿ ಬುದ್ಧಿ."