ಜಂಬಗಾತಿಯ ಮೊಟ್ಟೆಗಳಿಗೆ ಬಿಸಿಲ ಕಾವು

ಬಹಳ ಹಿಂದೆ, ಸೂರ್ಯ ಇನ್ನೂ ಮನೆಮನೆಗೆ ನಡೆದುಕೊಂಡೇ ಬರುತ್ತಿದ್ದ ಕಾಲದಲ್ಲಿ, ಒಂದು ಮನೆಯ ತಾರಸಿಗೆ ಅವನು ದಿನವೂ ಬೆಳಕು ತುಂಬಿದ ಕೊಡ ಹೊತ್ತು ಬರುತ್ತಿದ್ದನಂತೆ. ಯಾರಾದರೂ "ಬಾಪ್ಪಾ, ಕೊಡ ಇಳಿಸು" ಅಂತಾರೇನೋ ಎಂದು ಸಂಜೆಯವರೆಗೂ ಕಾಯುತ್ತಿದ್ದನಂತೆ. ಯಾರೂ ಅನ್ನುತ್ತಿರಲಿಲ್ಲ. ಒಣಗಿದ ಬಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಸಂಜೆಯಾದ ಮೇಲೆ ಅದೇ ಮನೆಯವರು ಕರೆಂಟಿಲ್ಲವೆಂದು ಕತ್ತಲಲ್ಲಿ ಬೆಂಕಿಪೊಟ್ಟಣ ತಡಕುತ್ತಿದ್ದರು.

ಎಷ್ಟು ಹಿಂದೆ ಅಂತ ಕೇಳಬೇಡಿ. ಹೋದ ವರ್ಷದವರೆಗೂ ಆ ಮನೆ ಹಾಗೇ ಇತ್ತು.

ಆ ಮನೆಯಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಹಿತ್ತಲ ತುಂಬ ಕೋಳಿ. ಮೊಟ್ಟೆ ಮಾರಿ ಜೀವನ. ಸೊಸೆ ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿ, ಒಳಗೆ ಬ್ಯಾಟರಿ, ಇನ್ವರ್ಟರ್ ಇಡಿಸಿದಳು. ಜೊತೆಗೊಂದು ಕಾವಿನ ಪೆಟ್ಟಿಗೆಯನ್ನೂ ತಂದಳು. ಅದರೊಳಗೆ ಬಲ್ಬು, ಪುಟ್ಟ ಫ್ಯಾನು, ನೀರಿನ ಬಟ್ಟಲು. ತಾಯಿಕೋಳಿ ಕೂರದಿದ್ದರೂ ಮೊಟ್ಟೆ ಮರಿಯಾಗುವ ಪೆಟ್ಟಿಗೆ ಅದು. ಅತ್ತೆ ಮಾತ್ರ ಅದನ್ನು ಕಂಡರೆ ಮೂತಿ ತಿರುವುತ್ತಿದ್ದಳು.

ಅತ್ತೆಯ ಪ್ರಾಣವೆಲ್ಲ ಒಂದೇ ಕೋಳಿಯ ಮೇಲೆ. ಕತ್ತು ಕೊಂಕಿಸಿ ನಡೆಯುವ ಅದಕ್ಕೆ ಅವಳು ಇಟ್ಟ ಹೆಸರು ಜಂಬಗಾತಿ. ಜಂಬಗಾತಿ ಕಾವಿಗೆ ಕೂತಿತ್ತು. ಇನ್ನೇನು ಮರಿ ಬರಬೇಕು ಅನ್ನುವಾಗ, ಒಂದು ಬೆಳಿಗ್ಗೆ ಬೀದಿನಾಯಿ ಅದನ್ನು ಕಚ್ಚಿಕೊಂಡು ಹೋಯಿತು. ಬುಟ್ಟಿಯಲ್ಲಿ ಉಳಿದದ್ದು ನಾಲ್ಕು ಪುಕ್ಕ ಮತ್ತು ಇನ್ನೂ ಬೆಚ್ಚಗಿದ್ದ ಮೊಟ್ಟೆಗಳು.

"ತಾಯಿ ಹೋದ್ಲು. ಇನ್ನು ಇವೂ ತಣ್ಣಗಾಗ್ತವೆ," ಎಂದು ಅತ್ತೆ ಬುಟ್ಟಿಯ ಮುಂದೆ ಕುಸಿದಳು.

"ಇಲ್ಲ ಅತ್ತೆ. ಜಂಬಗಾತಿ ಮರೀನ ನಾನು ನಿಮ್ಮ ಮಡಿಲಿಗೆ ಹಾಕ್ತೀನಿ. ಇದು ನನ್ನ ಮಾತು."

"ಆ ಡಬ್ಬಿ ನಂಬ್ಕೊಂಡು ಮಾತು ಕೊಡ್ತೀಯಾ?"

"ಮೂರ್ನಾಲ್ಕು ದಿನ ಕಾವು ತಪ್ಪದಿದ್ರೆ ಸಾಕು."

ಮೊಟ್ಟೆಗಳು ಪೆಟ್ಟಿಗೆ ಸೇರಿದವು. ಸಂಜೆ ಎಂದಿನಂತೆ ಕರೆಂಟು ಹೋಯಿತು. ಬ್ಯಾಟರಿಯಿಂದ ಬಲ್ಬು ಉರಿಯಿತು. ಸೊಸೆ ನಿಟ್ಟುಸಿರು ಬಿಡುವಷ್ಟರಲ್ಲಿ ಬಲ್ಬು ಮಂಕಾಯಿತು, ಕೆಂಪಾಯಿತು, ಆರಿಯೇ ಹೋಯಿತು. ಅವಳು ಅಡುಗೆಮನೆಗೆ ಓಡಿದಳು. ಬಾಟಲಿಗಳಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಮೊಟ್ಟೆಗಳ ಅಕ್ಕಪಕ್ಕ ಇಟ್ಟಳು. ಕರೆಂಟು ಬರುವವರೆಗೂ ಬಾಟಲಿ ಬದಲಾಯಿಸುವುದೇ ಕೆಲಸವಾಯಿತು.

ಮರುದಿನವೂ ಅದೇ ಕಥೆ. ಸೊಸೆ ಒಂದು ಮೊಟ್ಟೆಯನ್ನು ಟಾರ್ಚಿಗೆ ಹಿಡಿದು ನೋಡಿದಳು. ಕಪ್ಪಗೆ ತುಂಬಿಕೊಂಡಿತ್ತು. ಅಲುಗಾಡಲಿಲ್ಲ. ಉಸಿರು ಬಿಗಿಹಿಡಿದು ಕಾದಳು. ಒಳಗೆ ಸಣ್ಣದಾಗಿ ಏನೋ ಮಿಸುಕಿತು.

"ಜೀವ ಇದೆ ಅತ್ತೆ. ಆದ್ರೆ ಇನ್ನೊಂದು ಸಲ ಹೀಗೆ ತಣ್ಣಗಾದ್ರೆ..."

ಅತ್ತೆ ಬಾಟಲಿಗೆ ಇನ್ನೊಂದು ಸುತ್ತು ಬಟ್ಟೆ ಸುತ್ತಿದಳು.

ಬೆಳಗಾದೊಡನೆ ಸೊಸೆ ಕರೆಂಟಕ್ಕನ ಮನೆಗೆ ಓಡಿದಳು. ಬೀದಿಯ ಮನೆಗಳಿಗೆಲ್ಲ ವೈರಿಂಗ್ ಮಾಡುವವಳು ಆಕೆ. ಮಾತಾಡುವಾಗಲೂ ಕಿವಿಗೆ ಸಿಕ್ಕಿಸಿದ ಟೆಸ್ಟರು. "ನೀನು ಅಂಗಡಿಗೆ ಮೊಟ್ಟೆ ಹಾಕಿ ಬಾ. ಮಧ್ಯಾಹ್ನ ಬಿಸಿಲು ಏರಿದಾಗ ಬರ್ತೀನಿ, ಆಗಲೇ ಗೊತ್ತಾಗೋದು," ಎಂದಳು.

ಮಧ್ಯಾಹ್ನ ಇಬ್ಬರೂ ಒಟ್ಟಿಗೇ ಮೆಟ್ಟಿಲು ಹತ್ತಿ ಬೆಪ್ಪಾಗಿ ನಿಂತರು. ಪ್ಯಾನೆಲ್ಲಿನ ಅರ್ಧಕ್ಕೆ ಒದ್ದೆ ದುಪ್ಪಟಿ ಹೊದಿಸಿತ್ತು. ಅದು ಒಣಗಿದರೆ ಬದಲಿಸಲು ಅತ್ತೆ ಇನ್ನೊಂದು ದುಪ್ಪಟಿ ಹಿಂಡುತ್ತಿದ್ದಳು.

"ಅತ್ತೆ! ಏನಿದು?"

"ಏನಿದು ಅಂದ್ರೆ? ಮುಟ್ಟಿ ನೋಡು, ಕಾದ ಹೆಂಚು! ಸಿಡಿದುಹೋದ್ರೆ ಆ ಮೊಟ್ಟೆಗಳ ಗತಿ ಏನು? ನೀನೋ ಬೆಳಿಗ್ಗೆ ಹೋದ್ರೆ ಸಂಜೆಗೆ ಬರೋಳು. ಮೊಟ್ಟೆ ಒಳಗಿಟ್ಟಾಗಿಂದ ದಿನಾ ಹೊದಿಸ್ತಿದೀನಿ, ಬಿಸಿಲು ಇಳಿದ್ಮೇಲೆ ತೆಗೀತೀನಿ."

ಸೊಸೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕರೆಂಟಕ್ಕ ದುಪ್ಪಟಿಯನ್ನು ಮೆಲ್ಲಗೆ ಎಳೆದು ಪಕ್ಕಕ್ಕಿಟ್ಟಳು.

"ದೊಡ್ಡಮ್ಮ, ಇದಕ್ಕೆ ಬೇಕಾಗಿರೋದು ಬಿಸಿಲಿನ ಬಿಸಿ ಅಲ್ಲ, ಬೆಳಕು. ಈ ನೀಲಿ ಬಿಲ್ಲೆಗಳಿದಾವಲ್ಲ, ಮರಳಿಂದ ತೆಗೆದು ಶುದ್ಧ ಮಾಡಿದ ಸಿಲಿಕಾನು. ಅದರೊಳಗೆ ಕಣ್ಣಿಗೆ ಕಾಣದ ಕಣಗಳಿರ್ತವೆ, ಎಲೆಕ್ಟ್ರಾನ್ ಅಂತಾರೆ. ಬೆಳಕು ಬಂದು ತಿವೀತು ಅನ್ನಿ, ಎದ್ದು ಓಡ್ತವೆ. ಎಲ್ಲಾ ಒಂದೇ ಕಡೆಗೆ ಓಡೋ ಹಾಗೆ ಬಿಲ್ಲೆ ಮಾಡಿರ್ತಾರೆ. ಆ ಓಟವೇ ಕರೆಂಟು."

"ಬೆಳಕು ತಿವಿಯುತ್ತಾ? ನನ್ನ ಒಂದು ದಿನಾನೂ ತಿವೀಲಿಲ್ಲ!"

"ನಿಮ್ಮನ್ನ ತಿವಿಯೋ ಧೈರ್ಯ ಸೂರ್ಯಂಗೆ ಎಲ್ಲಿದೆ ಬಿಡಿ."

ಅತ್ತೆಗೆ ನಗು ಬಂತು, ತಡೆದುಕೊಂಡಳು. "ಆಯ್ತಮ್ಮ, ಅರ್ಧ ತಾನೇ ಹೊದಿಸಿದ್ದು? ಇನ್ನರ್ಧ ಓಡ್ಬೇಕಿತ್ತು."

"ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸ್ತಾರಲ್ಲ, ಮಧ್ಯ ಒಬ್ರು ಮುಸುಕು ಹೊದ್ದು ಮಲಗಿಬಿಟ್ರೆ?"

"ಕೊಡ ಅಲ್ಲೇ ನಿಲ್ಲುತ್ತೆ."

"ಇಲ್ಲೂ ಹಾಗೇ. ಬಿಲ್ಲೆಗಳೆಲ್ಲ ಒಂದಕ್ಕೊಂದು ಸೇರ್ಕೊಂಡಿವೆ. ಒಂದು ಮೂಲೆಗೆ ನೆರಳು ಬಿದ್ರೂ ಸಾಲೇ ಸೊರಗುತ್ತೆ. ಬ್ಯಾಟರಿ ತುಂಬೋದೇ ಇಲ್ಲ. ಬ್ಯಾಟರಿ ಖಾಲಿ ಇದ್ರೆ ಇನ್ವರ್ಟರ್ ಏನು ಮಾಡುತ್ತೆ? ಅದರ ಕೆಲಸ ಬ್ಯಾಟರಿ ಕರೆಂಟನ್ನ ಮನೆ ಬಳಕೆಗೆ ಬದಲಾಯಿಸೋದು, ಅಷ್ಟೇ."

ಅತ್ತೆಯ ಮುಖ ಸಣ್ಣಗಾಯಿತು. "ಹಾಗಾದ್ರೆ ಆ ಮರಿಗಳ ಕಾವು ಕಿತ್ಕೊಂಡಿದ್ದು ನಾನಾ?"

"ಅಯ್ಯೋ, ಹಾಗನ್ನಬೇಡಿ. ನೀವಂದಿದ್ದು ಪೂರ್ತಿ ಸುಳ್ಳೂ ಅಲ್ಲ. ತುಂಬ ಕಾದ್ರೆ ಇದರ ಕೆಲಸ ಸ್ವಲ್ಪ ಕುಗ್ಗುತ್ತೆ. ಅದಕ್ಕೇ ಕೆಳಗೆ ಗಾಳಿ ಆಡ್ಲಿ ಅಂತ ಎತ್ತರಿಸಿ ಕೂರಿಸಿರೋದು. ಆ ಸಂದಿಗೆ ಹಳೇ ಬುಟ್ಟಿ ತುರುಕಿದೋರು ಯಾರೋ?"

ಅತ್ತೆ ಆಕಾಶ ನೋಡಿದಳು. ನೋಡಿದವಳು ಹಾಗೇ ನಿಂತಳು. ಮೋಡ ಕವಿಯುತ್ತಿತ್ತು.

"ಮೋಡ ಬಂತು! ಈಗೇನು ಗತಿ?" ಸೊಸೆ ಕರೆಂಟಕ್ಕನ ಕಡೆ ತಿರುಗಿದಳು.

"ಮೋಡದಲ್ಲೂ ಬೆಳಕಿರುತ್ತೆ ಮಾರಾಯ್ತಿ, ನಾವು ಒಬ್ಬರ ಮುಖ ಒಬ್ಬರು ನೋಡ್ತಿಲ್ವಾ? ಕಮ್ಮಿ ತುಂಬುತ್ತೆ, ಆದ್ರೆ ತುಂಬುತ್ತೆ. ಟೀವಿ, ಫ್ಯಾನು ಏನೂ ಹಾಕ್ಬೇಡ. ಸಿಕ್ಕಿದ್ದಷ್ಟೂ ಪೆಟ್ಟಿಗೆಗೇ ಇರ್ಲಿ."

ಕರೆಂಟಕ್ಕ ಬುಟ್ಟಿಗಳನ್ನು ಎಳೆದು ಹಾಕಿದಳು. ಅತ್ತೆ ಕೆಳಗಿಳಿಯಲೇ ಇಲ್ಲ. ಒಂದು ಕೋಲು ಹಿಡಿದು ಪ್ಯಾನೆಲ್ಲಿನ ಪಕ್ಕ ಕೂತು, ಕಾಗೆ ಹತ್ತಿರ ಬಂದರೆ ಓಡಿಸಿದಳು. ತನ್ನದೇ ನೆರಳು ಗಾಜಿನ ಮೇಲೆ ಬಿದ್ದಾಗ ಬೆಚ್ಚಿ ಹಿಂದಕ್ಕೆ ಸರಿದಳು.

ಸಂಜೆ ಕರೆಂಟು ಹೋಯಿತು. ಕತ್ತಲ ಕೋಣೆಯಲ್ಲಿ ಪೆಟ್ಟಿಗೆಯ ಗಾಜಿನ ಕಿಂಡಿಯೊಂದೇ ಬೆಳಗುತ್ತಿತ್ತು. ಅತ್ತೆ ಸೊಸೆ ಅದರ ಮುಂದೆ ಕೂತರು. ಬಿಸಿನೀರಿನ ಬಾಟಲಿಗಳನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದರು.

"ಮಂಕಾಯ್ತಾ?"

"ಇಲ್ಲ ಅತ್ತೆ."

"ಸರಿಯಾಗಿ ನೋಡೇ. ಕೆಂಪಾದ ಹಾಗೆ ಕಾಣುತ್ತೆ."

"ಇಲ್ಲ. ಕಣ್ಣೊರೆಸ್ಕೊಳ್ಳಿ."

ಹಿಂದಿನ ದಿನ ಬಲ್ಬು ಆರಿದ ಹೊತ್ತು ಬಂತು. ಬಲ್ಬು ಉರಿಯುತ್ತಲೇ ಇತ್ತು. ಆ ಹೊತ್ತು ದಾಟಿತು. ಇನ್ನೂ ಉರಿಯುತ್ತಿತ್ತು. ಆಗ ಒಳಗಿನಿಂದ 'ಟಿಕ್' ಎಂದಿತು. ಮತ್ತೆ 'ಟಿಕ್'. ಒಂದು ಮೊಟ್ಟೆಯ ಮೇಲೆ ಕೂದಲೆಳೆಯಂಥ ಬಿರುಕು.

"ಒಡೀಲಾ?" ಎಂದು ಅತ್ತೆ ಕೈ ಚಾಚಿದಳು.

"ಬೇಡ, ಅದೇ ಬರ್ಬೇಕು. ಕಾಯೋಣ."

ಮರಿ ಹೊರಬರಲು ಹೊತ್ತು ಬೇಕು. ಅಲ್ಲಿಯವರೆಗೆ, ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೊಂದು ಮಾತು. ನಿಮ್ಮ ತಾರಸಿಗೂ ಆ ಕೊಡ ಹೊತ್ತವನು ದಿನವೂ ಬರುತ್ತಾನೆ. ಇಳಿಸಿಕೊಳ್ಳಿ. ಪ್ಯಾನೆಲ್ ಹಾಕಿಸಿದ ಮೇಲೆ ಅದರ ಮೇಲೆ ಬಟ್ಟೆ ಒಣಗಿಸಬೇಡಿ, ಮರದ ಕೊಂಬೆಯ ನೆರಳೂ ಬೀಳದಿರಲಿ. ಧೂಳು ಕೂತರೆ ಬೆಳಗಿನ ತಂಪಿನಲ್ಲಿ ಬರಿ ನೀರು, ಮೆತ್ತನೆ ಬಟ್ಟೆಯಿಂದ ಒರೆಸಿ. ಕಾದ ಗಾಜಿಗೆ ತಣ್ಣೀರು ಸುರಿದರೆ ಅದು ಬಿರುಕು ಬಿಡಬಹುದು. ವೈರಿಗೆ ನೀವೇ ಕೈ ಹಾಕಬೇಡಿ, ಕೆಲಸ ಕಲಿತವರನ್ನು ಕರೆಯಿರಿ. ಮನೆಯ ಹಿರಿಯರಿಗೆ ಅನುಮಾನವಿದ್ದರೆ ನಕ್ಕು ಸುಮ್ಮನಾಗಬೇಡಿ. ಕೂತು ಹೇಳಿ. ಈ ಸೊಸೆ ಅದೊಂದನ್ನು ಮೊದಲೇ ಮಾಡಿದ್ದರೆ ಇಷ್ಟು ಜೀವ ಹಿಂಡುವ ಸಂಜೆಗಳೇ ಇರುತ್ತಿರಲಿಲ್ಲ.

ಅಗೋ, ಚಿಪ್ಪು ಎರಡಾಯಿತು.

ಒದ್ದೆ ಮರಿಯೊಂದು ಉರುಳಿ ಬಿದ್ದು, ಬಲ್ಬಿನ ಬೆಳಕಿನಲ್ಲಿ ಕಣ್ಣು ಪಿಳುಕಿಸಿತು. ಮೈ ಒಣಗಿ ಹತ್ತಿಯ ಹಾಗೆ ಉಬ್ಬುವವರೆಗೂ ಸೊಸೆ ಅದನ್ನು ಅಲ್ಲೇ ಬಿಟ್ಟಳು. ಅದು ಎದ್ದು ನಿಂತಿತು. ಮುಗ್ಗರಿಸಿತು. ಮತ್ತೆ ಎದ್ದು ಕತ್ತು ಕೊಂಕಿಸಿತು.

"ನೋಡೇ, ಅವಳದೇ ಜಂಬ!" ಅತ್ತೆ ಸೆರಗು ಹರಡಿದಳು.

ಸೊಸೆ ಎರಡೂ ಕೈಯಲ್ಲಿ ಮರಿಯನ್ನು ಎತ್ತಿ ಅತ್ತೆಯ ಮಡಿಲಿಗೆ ಹಾಕಿದಳು.