ನನ್ನ ಮೈಗಂಟಿದ ಕಪ್ಪು

ನಾನು ಒಂದು ರಬ್ಬರು. ಪೆನ್ಸಿಲ್ಲಿನ ಗೀಟು ಅಳಿಸುವುದು ನನ್ನ ಕಸುಬು. ಕಾರ್ಖಾನೆಯ ಅಚ್ಚಿನಿಂದ ಹೊರಬಿದ್ದಾಗ ಅಚ್ಚಬಿಳಿ ಮೈ, ನಾಲ್ಕೂ ಮೂಲೆ ಚೂಪು, ಸೊಂಟಕ್ಕೊಂದು ನೀಲಿ ಕಾಗದದ ಪಟ್ಟಿ. ನಂಬಲಿಕ್ಕಿಲ್ಲ ನೀವು, ಬಿಡಿ. ಈಗ ಹುಣಸೆಬೀಜದಷ್ಟು ಉಳಿದಿದ್ದೇನೆ, ಬಣ್ಣವೂ ಹೆಚ್ಚುಕಡಿಮೆ ಅದೇ. ನಾನು ಮಾಡಿದ ಕೆಲಸಕ್ಕೆ ಇಷ್ಟು ಉಳಿದದ್ದೇ ಹೆಚ್ಚು.

ಮುನಿರಾಬಾದಿನ ಅಣೆಕಟ್ಟಿನ ಕಚೇರಿಯಲ್ಲಿ ಗುರುಶಾಂತಪ್ಪ ಎಂಬವರು ನಕ್ಷೆ ಬರೆಯುತ್ತಿದ್ದರು. ಅವರು ನಿವೃತ್ತರಾದ ದಿನ ಜೊತೆಯವರು ಹಾರ ಹಾಕಿ ಒಂದು ಪೆನ್ಸಿಲ್ ಡಬ್ಬಿ ಕೊಟ್ಟರು. ಅದರೊಳಗೆ ನಾನಿದ್ದೆ. ಹಾಗೆ ಆ ಮನೆ ಸೇರಿದೆ.

ಗುರುಶಾಂತಪ್ಪನವರಿಗೆ ಎರಡು ಹುಚ್ಚು. ಬೆಳಿಗ್ಗೆ ಹಿನ್ನೀರಿನ ದಂಡೆಗೆ ಹೋಗಿ ಹಕ್ಕಿ ನೋಡಿ ಬಂದು, ಅದರ ಚಿತ್ರ ಬರೆಯುವುದು ಒಂದು. ಓದಿದ್ದನ್ನೇ ಓದುವುದು ಇನ್ನೊಂದು. ಹೊಸಪೇಟೆಯ ಹಳೆ ಪುಸ್ತಕದಂಗಡಿಯಿಂದ ಯಾವ ಕಾಲದಲ್ಲೋ ತಂದ ಐದು ಪುಸ್ತಕಗಳಿದ್ದವು: ಒಂದು ಹಡಗಿನ ಪ್ರಯಾಣದ್ದು, ಒಂದು ಹಕ್ಕಿಗಳದ್ದು, ಮೂರು ದಪ್ಪ ಕಾದಂಬರಿ. ದೀಪಾವಳಿಗೆ ಮೊದಲನೆಯದನ್ನು ಹಿಡಿದರೆ ಹೋಳಿಹುಣ್ಣಿಮೆಗೆ ಐದನೆಯದು ಮುಗಿಯಬೇಕು. ಪ್ರತಿ ವರ್ಷ ಹೀಗೆಯೇ. ಗೊತ್ತಿದ್ದ ಕಥೆ ಮತ್ತೇಕೆ ಎಂದು ಯಾರಾದರೂ ಕೇಳಿದರೆ, ನೀವು ದಿನಾ ರೊಟ್ಟಿ ಯಾಕೆ ತಿನ್ನುತ್ತೀರಿ ಎಂದು ತಿರುಗಿ ಕೇಳುತ್ತಿದ್ದರು.

ಅವರು ಓದಿ ಇಟ್ಟ ಪುಸ್ತಕವನ್ನು ಹೆಂಡತಿ ನೀಲಗಂಗಮ್ಮ ಎತ್ತಿಕೊಳ್ಳುತ್ತಿದ್ದರು, ಕೈಯಲ್ಲೊಂದು ಪೆನ್ಸಿಲ್ ಹಿಡಿದು. ಓದುತ್ತ ಓದುತ್ತ ಅಂಚಿನಲ್ಲಿ ಗಂಡನಿಗೆ ಬರೆಯುವುದು. ‘ಈ ಕಪ್ತಾನಗ ನಿಮ್ಮಂಗ ಕಿವಿ ಮಂದ.’ ‘ಇಲ್ಲಿ ನಾ ಅತ್ತೆ, ನಿಮಗ ಹೇಳಿದ್ದಿಲ್ಲ.’ ಅಕ್ಷರ ಜೀರಿಗೆಯಷ್ಟು ಸಣ್ಣ, ಒತ್ತಿ ಬರೆಯುವವರೂ ಅಲ್ಲ. ಮರುವರ್ಷ ಆ ಪುಟಕ್ಕೆ ಬಂದಾಗಲೇ ಗುರುಶಾಂತಪ್ಪನವರಿಗೆ ಅದು ಸಿಗುತ್ತಿತ್ತು. ನಗುವುದೋ ಜಗಳವೋ ಆಗಲೇ.

ಆ ಕಿವಿ ಮಂದದ ಮಾತು ಓದಿದ ದಿನ ಅವರು ಹುಸಿಮುನಿಸಿನಿಂದ ನನ್ನನ್ನು ಎತ್ತಿಕೊಂಡರು. ನೀಲಗಂಗಮ್ಮ ಅವರ ಕೈಯಿಂದ ನನ್ನನ್ನು ಕಸಿದರು.

“ನಿಮ್ಮ ಹಕ್ಕಿ ಬೇಕಾದಷ್ಟು ಅಳಸ್ರಿ,” ಎಂದರು. “ನನ್ನ ಮಾತು ಮಾತ್ರ ಮುಟ್ಟಬ್ಯಾಡ್ರಿ.”

ಅಂದಿನಿಂದ ನಾನು ಹಕ್ಕಿಗಳಿಗೆ ಮೀಸಲು. ಕೊಕ್ಕರೆಯ ಕಾಲು ಉದ್ದವಾಯಿತೆಂದು, ಬಾತುಕೋಳಿಯ ಕೊಕ್ಕು ಡೊಂಕಾಯಿತೆಂದು ನನ್ನ ಮೈ ಸವೆಸಿದರು. ಅದಕ್ಕೆ ನನಗೆ ಬೇಸರವಿರಲಿಲ್ಲ.

ಒಂದು ಶ್ರಾವಣದಲ್ಲಿ ನೀಲಗಂಗಮ್ಮ ತೀರಿಕೊಂಡರು. ಮೂರೇ ದಿನದ ಜ್ವರ. ಆ ವರ್ಷ ಗುರುಶಾಂತಪ್ಪ ಹಕ್ಕಿ ನೋಡಲು ಹೋಗಲಿಲ್ಲ, ಆದರೆ ದೀಪಾವಳಿಗೆ ಮೊದಲ ಪುಸ್ತಕ ತೆಗೆದರು. ಅಚ್ಚಾದ ಸಾಲುಗಳನ್ನು ಅವರು ಓದಿದ್ದು ನೆಪಕ್ಕೆ. ಅಂಚಿಗೆ ಬಂದಾಗ ನಿಲ್ಲುವರು, ಗಟ್ಟಿಯಾಗಿ ಓದುವರು, ಉತ್ತರ ಕೊಡುವರು. ಆ ಮನೆಯಲ್ಲಿ ಅವರೊಡನೆ ಮಾತಾಡುವುದು ಇನ್ನು ಆ ಐದು ಪುಸ್ತಕಗಳ ಅಂಚು ಮಾತ್ರ ಎಂದು ನನಗೂ ಗೊತ್ತಿತ್ತು.

ಮೂರು ವರ್ಷ ಹೀಗೆ ನಡೆಯಿತು. ಆಮೇಲೆ ಎರಡೂ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ತಿಂಗಳೊಪ್ಪತ್ತು ಪುಸ್ತಕ ಮುಟ್ಟಕೂಡದೆಂದರು ಡಾಕ್ಟರು. ಕಣ್ಣಿಗೆ ಔಷಧ ಬಿಡಲು ಸೊಲ್ಲಾಪುರದಿಂದ ತಂಗಿ ಚಂಪಾವತಿ ಬಂದರು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದವರು. ಒಳ್ಳೆಯ ಹೆಂಗಸು, ಅದೇ ನನ್ನ ಸಂಕಟ. ಕೆಟ್ಟವರಾಗಿದ್ದರೆ ಬಾಯ್ತುಂಬ ಬೈಯುತ್ತಿದ್ದೆ.

ಅಣ್ಣನಿಗೆ ಈ ಪುಸ್ತಕಗಳೆಂದರೆ ಜೀವ ಎಂದು ಅವರಿಗೆ ಗೊತ್ತಿತ್ತು. ಒಂದನ್ನು ತೆರೆದು ನೋಡಿದರು. ಅಂಚಿನ ತುಂಬ ಮಸುಕು ಮಸುಕು ಬರಹ. ಹಳೆ ಅಂಗಡಿಯ ಪುಸ್ತಕವಲ್ಲವೇ, ಯಾರೋ ಪುಣ್ಯಾತ್ಮರು ಗೀಚಿದ್ದಾರೆಂದುಕೊಂಡರು. ಅಯ್ಯೋ, ಒಂದು ಸಾಲು ಕೂತು ಓದಿದ್ದರೆ ಸಾಕಿತ್ತು! ಹೊಸ ಕಣ್ಣಿಗೆ ತ್ರಾಸಾಗಬಾರದೆಂದು ಡಬ್ಬಿಯಿಂದ ನನ್ನನ್ನು ತೆಗೆದರು.

ಐದೂ ಪುಸ್ತಕಕ್ಕೆ ಹನ್ನೆರಡು ಮಧ್ಯಾಹ್ನ ಹಿಡಿಯಿತು. ಎರಡು ಸಲ ಅವರ ಕೈಯಿಂದ ಜಾರಿ ಮಂಚದಡಿ ಉರುಳಿದೆ. ಹುಡುಕಿ ತೆಗೆದು, ಧೂಳು ಊದಿ, ಮತ್ತೆ ಉಜ್ಜಿದರು. ಅಳಿಸುವಾಗ ಒಂದೊಂದು ಅಕ್ಷರವನ್ನೂ ಓದಿಕೊಂಡೆ. ನಾನು ಮಾಡಬಹುದಾಗಿದ್ದು ಅಷ್ಟೇ.

ಒಂದು ದಿನ ಗುರುಶಾಂತಪ್ಪ ಕರಿ ಕನ್ನಡಕ ಹಾಕಿಕೊಂಡು ಮಂಚದ ಮೇಲಿಂದಲೇ ಕೇಳಿದರು, ಏನು ಮಾಡುತ್ತಿದ್ದೀಯೆಂದು. ಕಣ್ಣು ಬಂದ ದಿನ ತೋರಿಸಿ ಸಂತೋಷಪಡಿಸುವ ಆಸೆ ತಂಗಿಗೆ. ಪುಸ್ತಕ ಒರೆಸುತ್ತಿದ್ದೇನೆ ಎಂದರು.

“ಒರಸವ್ವ,” ಎಂದರು ಅವರು. “ದೀಪಾವಳಿ ಬಂತು.”

ದೀಪಾವಳಿ ಬಂತು. ಹೊಸ ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಕೂತು ಮೊದಲ ಪುಸ್ತಕ ತೆರೆದರು. ಪುಟ ತಿರುವಿದರು, ಇನ್ನೊಂದು ತಿರುವಿದರು. ಕನ್ನಡಕ ತೆಗೆದು ಪಂಚೆಯಿಂದ ಒರೆಸಿ ಹಾಕಿಕೊಂಡರು. ಪುಟವನ್ನು ಬಿಸಿಲಿಗೆ ಓರೆ ಹಿಡಿದು, ಬೆರಳಿನಿಂದ ಅಂಚನ್ನು ಸವರಿದರು. ನೀಲಗಂಗಮ್ಮ ಒತ್ತಿ ಬರೆದವರಲ್ಲವೆಂದು ಹೇಳಿದೆನಲ್ಲ, ಗೆರೆಯೂ ಉಳಿದಿರಲಿಲ್ಲ. ಐದೂ ಪುಸ್ತಕ ತೆರೆದು ನೋಡಿದರು.

“ಯಾರ್‍ಯಾರೋ ಗೀಚಿದ್ದೆಲ್ಲಾ ತಗದೇನಿ ಅಣ್ಣ,” ಎಂದರು ಚಂಪಾವತಿ, ಮುಖವರಳಿಸಿ. “ಹೆಂಗ ಕಾಣ್ತಾವು?”

ಅವರು ಪುಸ್ತಕದಿಂದ ತಲೆಯೆತ್ತಿದರು. ತನ್ನ ಮನೆ ಬಿಟ್ಟು ಬಂದು, ನಲವತ್ತು ದಿನ ಹೊತ್ತು ತಪ್ಪದೆ ಕಣ್ಣಿಗೆ ಔಷಧ ಬಿಟ್ಟ ತಂಗಿ ಎದುರಿಗೆ ನಿಂತಿದ್ದಳು.

“ಸ್ವಚ್ಛ ಕಾಣ್ತಾವವ್ವ,” ಎಂದರು.

ಚಂಪಾವತಿ ನನ್ನನ್ನು ಡಬ್ಬಿಗೆ ಹಾಕುವ ಮುಂಚೆ, ಶಾಲೆಯ ರೂಢಿಯಂತೆ, ನನ್ನ ಮೈಗೆ ಹತ್ತಿದ ಕಪ್ಪನ್ನು ನೆಲದ ಕಲ್ಲಿಗೆ ತಿಕ್ಕಲು ಬಗ್ಗಿದರು. ಗುರುಶಾಂತಪ್ಪ ತಂಗಿಯ ಮಣಿಕಟ್ಟು ಹಿಡಿದರು. “ಅದು ಹಂಗ ಇರ್ಲಿ. ತಿಕ್ಕಬ್ಯಾಡ.” ಕಣ್ಣು ಬಂದು ಅಣ್ಣ ಕೂಸಾದ ಎಂದು ತಂಗಿ ನಕ್ಕರು. ಗುರುಶಾಂತಪ್ಪ ನನ್ನನ್ನು ಒಂದು ಖಾಲಿ ಬೆಂಕಿಪೊಟ್ಟಣದಲ್ಲಿಟ್ಟು ಪುಸ್ತಕಗಳ ಪಕ್ಕದಲ್ಲಿಟ್ಟುಕೊಂಡರು. ಚಂಪಾವತಿಗೆ ಇವತ್ತಿಗೂ ಏನೂ ಗೊತ್ತಿಲ್ಲ.

ಇದೆಲ್ಲ ಆಗಿ ಆರು ವರ್ಷವಾಯಿತು. ಹಕ್ಕಿ ಬರೆಯುವುದು ನಿಂತಿದೆ, ನನಗೂ ಕೆಲಸವಿಲ್ಲ. ಪುಸ್ತಕ ಮಾತ್ರ ತಪ್ಪಿಲ್ಲ. ಮೊದಲ ವರ್ಷ ನೆನಪಿನಿಂದಲೇ ಅಲ್ಲಲ್ಲಿ ನಿಂತು, ಬರಿಯ ಅಂಚು ನೋಡಿ ನಗುತ್ತಿದ್ದರು. ಆಮೇಲೆ ನಿಲ್ಲುವ ಜಾಗಗಳು ಕಡಿಮೆಯಾಗುತ್ತ ಬಂದವು. ಈಗೀಗ ಬೆಂಕಿಪೊಟ್ಟಣ ತೆರೆದು, ನನ್ನನ್ನು ಅಂಗೈಯಲ್ಲಿಟ್ಟುಕೊಂಡು, ಇಲ್ಲಿ ಏನೋ ಬರೆದಿದ್ದಳಲ್ಲ ಎಂದು ಕೇಳುತ್ತಾರೆ. ನನಗೆ ಎಲ್ಲವೂ ಬಾಯಿಪಾಠ. ಆದರೆ ಬಾಯಿಲ್ಲ.

ಐದನೆಯ ಪುಸ್ತಕದ ಕೊನೆಯ ಪುಟದಲ್ಲಿ, ಕೆಳಗಿನ ಅಂಚಿಗೆ ಹೀಗಿತ್ತು: ‘ಮುಂದಿನ ಸಲ ಇಲ್ಲಿಗೆ ಬಂದಾಗ ನನ್ನ ಕರೀರಿ, ಕೂಡಿ ಓದೋಣು.’ ನೀಲಗಂಗಮ್ಮ ಹೋದ ಮೇಲೂ ಗುರುಶಾಂತಪ್ಪ ಪ್ರತಿ ವರ್ಷ ಆ ಪುಟದಲ್ಲಿ ನಿಂತು, ಅಡುಗೆಮನೆಯ ಕಡೆ ತಿರುಗಿ, ನೀಲಾ ಎಂದು ಒಮ್ಮೆ ಕರೆಯುತ್ತಿದ್ದರು. ನಾನು ಅದನ್ನು ಅಳಿಸಿದ ಮೇಲೂ ಕರೆದಿದ್ದಾರೆ.

ಮೊನ್ನೆ ಹೋಳಿಯ ಮುನ್ನಾದಿನ ಆ ಪುಟಕ್ಕೆ ಬಂದರು. ಕೊನೆಯ ಸಾಲಿನವರೆಗೂ ಓದಿದರು. ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಅದರ ಮೇಲಿಟ್ಟರು. ಕರೆಯಲಿಲ್ಲ.